350 ರೂಪಾಯಿ ಹೆಲ್ಮೆಟ್‌ನ ಹೊಟ್ಟೆ ಕುಯ್ದು ನೋಡಿದೆ

ಮಂಡ್ಯದಲ್ಲಿ ನಂದು ಬೈಕ್ ಸೀಟ್ ಕವರ್ ಹೊಲಿಯೋ ಅಂಗಡಿ. ಹದಿನೆಂಟು ವರ್ಷದಿಂದ ರೆಕ್ಸಿನ್ನು, ಸ್ಪಂಜು, ದಾರ ಇಷ್ಟೇ ಲೋಕ. ಆದ್ರೂ ಕಳೆದ ತಿಂಗಳು ಮೈಸೂರು ರಿಂಗ್ ರಸ್ತೆ ಪಕ್ಕ ಟಾರ್ಪಾಲ್ ಮೇಲೆ ಗುಡ್ಡೆ ಹಾಕಿದ್ದ ಹೆಲ್ಮೆಟ್ ನೋಡಿ ಮೋಸ ಹೋದೆ. ಹೆಂಡತಿಗೆ ಒಂದು ಬೇಕಿತ್ತು. 500 ಅಂದ, 350ಕ್ಕೆ ಕೊಟ್ಟ. ಹಿಂದೆ ಕೂರೋರಿಗೂ ಹೆಲ್ಮೆಟ್ ಕಡ್ಡಾಯ, ಇಲ್ಲದಿದ್ರೆ ದಂಡ 500. ದಂಡಕ್ಕಿಂತ ಅಗ್ಗ ಆಯ್ತಲ್ಲ ಅಂತ ಖುಷಿಯಲ್ಲೇ ಮನೆಗೆ ಬಂದೆ.

ಮಾರನೇ ದಿನ ಅಂಗಡೀಲಿ ಸುಮ್ನೆ ಕೂತಿದ್ದಾಗ ಒಳಗಿನ ಬಟ್ಟೆ ಎಳೆದೆ, ಕಿತ್ತು ಬಂತು. ಕೆಳಗೆ ಅರ್ಧ ಇಂಚು ಸ್ಪಂಜು. ನಾನು ಹಳೇ ಮೊಪೆಡ್ ಸೀಟಿಗೂ ಹಾಕದಂಥ ಜಾಳು ಮಾಲು. ಅದರಾಚೆಗೆ ಬರೀ ಪ್ಲಾಸ್ಟಿಕ್ ಚಿಪ್ಪು.

ಇಲ್ಲೇ ಇರೋದು ವಿಷ್ಯ. ಸ್ಪಂಜು ಒತ್ತಿದ್ರೆ ಬಗ್ಗುತ್ತೆ, ಬಿಟ್ರೆ ಪುಟಿದೇಳುತ್ತೆ. ಜೋರಾಗಿ ಪೆಟ್ಟು ಬಿದ್ರೆ ಪೂರ್ತಿ ಅಮುಕಿಕೊಂಡು ಏಟನ್ನ ನೇರ ತಲೆಗೆ ದಾಟಿಸುತ್ತೆ. ಒಳ್ಳೇ ಹೆಲ್ಮೆಟ್ಟಲ್ಲಿ ಇರೋದು ಗಟ್ಟಿ ಥರ್ಮಾಕೋಲ್ ಪದರ. ಪೆಟ್ಟಿಗೆ ಅದು ಅಪ್ಪಚ್ಚಿಯಾಗುತ್ತೆ, ಮತ್ತೆ ಏಳಲ್ಲ. ಏಟಿನ ಜೋರು ಅಲ್ಲೇ ಕರಗುತ್ತೆ. ಅದಕ್ಕೇ ಒಂದ್ಸಲ ಜೋರಾಗಿ ಬಿದ್ದ ಹೆಲ್ಮೆಟ್ಟು ಹೊರಗೆ ಎಷ್ಟೇ ಮಿರಮಿರ ಅಂದ್ರೂ ಎಸೀಬೇಕು. ಅಂಗಡೀಲಿ ಕುಯ್ಯೋಕೆ ಬಿಡಲ್ಲ ಸರಿ, ಆದ್ರೆ ಬಟ್ಟೆ ಸರಿಸಿ ಉಗುರಲ್ಲಿ ಒತ್ತಿ ನೋಡೋಕೆ ಯಾರೂ ಬೇಡ ಅನ್ನಲ್ಲ. ಬೇಡ ಅಂದ್ರೆ ಆ ಅಂಗಡೀನೇ ಬೇಡ.

ಸ್ಟಿಕ್ಕರ್ ಕತೆ ಬೇರೆ. 2021ರ ಜೂನ್‌ನಿಂದ ಐಎಸ್‌ಐ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರೋ ಹಾಗೇ ಇಲ್ಲ. ಅದಕ್ಕೇ ಇದಕ್ಕೂ ಒಂದು ಅಂಟಿಸಿದ್ರು. ಗುರುತಿನ ಮೇಲ್ಗಡೆ ಐಎಸ್ 4151 ಅಂತ ಬೈಕ್ ಹೆಲ್ಮೆಟ್ಟಿನ ಮಾನದಂಡದ ನಂಬರ್, ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರಬೇಕು. ನಂಬರೇನೋ ಇತ್ತು. ಐಎಸ್‌ಐ ಗುರುತು ಕೊಡೋ ಸರ್ಕಾರಿ ಸಂಸ್ಥೆ ಬಿಐಎಸ್, ಅದರ ಬಿಐಎಸ್ ಕೇರ್ ಆಪಲ್ಲಿ ಮಗಳು ಹಾಕಿದ್ಲು, ಅಂಥದ್ದೇ ಇಲ್ಲ ಅಂತು. ನಂಬರ್ ಸಿಕ್ಕಿದ್ರೂ ಅಲ್ಲಿ ಬರೋ ಕಂಪನಿ ಹೆಸರು ಹೆಲ್ಮೆಟ್ ಮೇಲಿರೋದೇನಾ ನೋಡಿ. ನಂಬರ್ ಕದಿಯೋದು ಏನು ದೊಡ್ಡ ವಿದ್ಯೆ?

ಗದ್ದದ ಪಟ್ಟಿ ನೋಡಿ ನನಗೆ ನಾಚಿಕೆಯಾಯ್ತು. ಒಂದೇ ಸಾಲು ಹೊಲಿಗೆ, ಅದೂ ದಾರ ಬಿಟ್ಟು ಬಿಟ್ಟು. ಎರಡು ಸಲ ಜಗ್ಗಿದ್ದಕ್ಕೆ ರಿವೆಟ್ ಅಲ್ಲಾಡ್ತು.

ಆಮೇಲೆ ಹೆಂಡತೀನ ಕರ್ಕೊಂಡು ಊರಲ್ಲೇ ಒಂದು ಅಂಗಡಿಗೆ ಹೋಗಿ 1,150 ಕೊಟ್ಟು ಫುಲ್ ಫೇಸ್ ತಗೊಂಡೆ. ನನ್ನ ಟೇಪಲ್ಲೇ ಹುಬ್ಬಿನ ಮೇಲಿಂದ ಅವಳ ತಲೆ ಸುತ್ತಳತೆ ತೆಗೆದೆ, 56 ಸೆಂಟಿಮೀಟರ್. ಅಂಗಡಿಯವನು 'ಸ್ವಲ್ಪ ಲೂಸೇ ಇರ್ಲಿ ಅಕ್ಕ, ಸೆಕೆಗೆ ಚೆನ್ನಾಗಿರುತ್ತೆ' ಅಂದ. ಕೇಳಬೇಡಿ. ಪಟ್ಟಿ ಹಾಕಿ ಹಿಂದಿನಿಂದ ಮುಂದಕ್ಕೆ ಎತ್ತಿದ್ರೆ ಕಳಚಿ ಬರಬಾರದು. ಅಲ್ಲಾಡಿಸಿದ್ರೆ ಕೆನ್ನೆ ಚರ್ಮ ಜೊತೆಗೇ ಅಲ್ಲಾಡಬೇಕು. ತುರುಬು ಕಟ್ಟಿದ್ರೆ ಮಾತ್ರ ಕೂರಲ್ಲ, ಜಡೆ ಇಳಿಬಿಡಬೇಕು. ಮಲ್ಲಿಗೆ ಮುಡಿದ ದಿನ ಮನೇಲಿ ಜಗಳ ಗ್ಯಾರಂಟಿ. ಈಗ ಹೂವು ಡಿಕ್ಕೀಲಿ ಬರುತ್ತೆ.

ಇದರಲ್ಲೂ ಕೊರತೆ ಇದೆ. ಮಧ್ಯಾಹ್ನ ಕಿವಿ ಬೇಯುತ್ತೆ, ಗಾಳಿ ಕಿಂಡಿ ಹೆಸರಿಗೆ ಮಾತ್ರ. ಗ್ಲಾಸು ಮೂರೇ ವಾರಕ್ಕೆ ಗೀರು ಬಿತ್ತು, ಬದಲಾಯಿಸೋಕೆ 180 ಆಯ್ತು. ಕಪ್ಪು ಗ್ಲಾಸೂ ಅದೇ ರೇಟು, ಸ್ಟೈಲಾಗಿರುತ್ತೆ ಅಂದ. ಬಿಳೀದೇ ಕೊಡಪ್ಪ ಅಂದೆ. ಕಬ್ಬು ಕಟಾವು ಶುರುವಾದ್ರೆ ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್ ಟ್ರೇಲರು ರಾತ್ರಿ ಹತ್ತು ಅಡಿಗೆ ಬಂದ ಮೇಲೇ ಕಾಣೋದು, ಬಿಳೀ ಗ್ಲಾಸಲ್ಲೂ.