ಸ್ಲ್ಯಾಕ್ ಅಡ್ಜಸ್ಟರ್: ಕೈಯಿಂದ ಬಿಗಿಯುವುದೋ, ತಾನೇ ಬಿಗಿದುಕೊಳ್ಳುವುದೋ?

ಹಳೆಯ ಲಾರಿ ಕೊಳ್ಳುವವರು ಎಂಜಿನ್, ಟೈರ್ ನೋಡುತ್ತಾರೆ. ಚಕ್ರದ ಹಿಂದಿನ ಸ್ಲ್ಯಾಕ್ ಅಡ್ಜಸ್ಟರ್, ಅಂದರೆ ಗಾಳಿಯ ಒತ್ತಡದ ಬ್ರೇಕ್‌ನ ಸಡಿಲವನ್ನು ಸರಿಪಡಿಸುವ ಸನ್ನೆಯನ್ನು, ನೋಡುವುದಿಲ್ಲ. ಶಿರಾಡಿ ಘಾಟಿಯಲ್ಲಿ ಭಾರ ಹೊತ್ತು ಇಳಿಯುವಾಗ ಜೀವ ಉಳಿಸುವುದು ಅದೇ. ಚಕ್ರದೊಂದಿಗೆ ತಿರುಗುವ ಡ್ರಮ್‌ಗೆ ಒತ್ತುವ ಲೈನಿಂಗ್ ಸವೆದಂತೆ, ಗಾಳಿಯ ಚೇಂಬರ್‌ನಿಂದ ಹೊರಬಂದು ಅಡ್ಜಸ್ಟರನ್ನು ತಳ್ಳುವ ಪುಶ್‌ರಾಡ್ ಹೆಚ್ಚು ದೂರ ಚಲಿಸಬೇಕಾಗುತ್ತದೆ. ಬಿಸಿಯಾದ ಡ್ರಮ್ ಹಿಗ್ಗಿದರೆ ಆ ದೂರ ಇನ್ನೂ ಬೆಳೆಯುತ್ತದೆ. ಚೇಂಬರ್‌ನ ಮಿತಿ ಮುಟ್ಟಿತೆಂದರೆ ಗಾಳಿಯ ಒತ್ತಡ ಎಷ್ಟಿದ್ದರೂ ಬ್ರೇಕ್ ಹಿಡಿಯದು.

ಕೈಯಿಂದ ಬಿಗಿಯುವ ಅಡ್ಜಸ್ಟರ್ ಅಗ್ಗ, ರಚನೆ ಸರಳ, ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಆದರೆ ಚಕ್ರ ಉರುಳದಂತೆ ತಡೆ ಕೊಟ್ಟು, ಪಾರ್ಕಿಂಗ್ ಬ್ರೇಕ್ ಬಿಡಿಸಿ, ಲೈನಿಂಗ್ ಡ್ರಮ್‌ಗೆ ತಾಗುವವರೆಗೆ ಬಿಗಿದು, ಬಳಿಕ ಕಾಲು ಸುತ್ತಿನಿಂದ ಅರ್ಧ ಸುತ್ತಿನವರೆಗೆ ಸಡಿಲಿಸುವ ಕೆಲಸವನ್ನು ಪ್ರತಿ ಚಕ್ರಕ್ಕೂ ತಪ್ಪದೆ ಮಾಡಬೇಕು. ಅಷ್ಟು ಶಿಸ್ತಿನ ಚಾಲಕ ಇಲ್ಲದಿದ್ದರೆ ಇದನ್ನು ಆರಿಸಬೇಡಿ.

ಸ್ವಯಂಚಾಲಿತ ಅಡ್ಜಸ್ಟರ್ ಬ್ರೇಕ್ ಬಳಸುವಾಗ ಸಡಿಲವನ್ನು ತಾನೇ ಸರಿಪಡಿಸಿಕೊಳ್ಳುತ್ತದೆ. ಅಮೆರಿಕದಲ್ಲಿ 1994ರ ಅಕ್ಟೋಬರ್‌ನಿಂದ ಹೊಸ ಏರ್‌ಬ್ರೇಕ್ ಲಾರಿಗಳಿಗೆ ಇದು ಕಡ್ಡಾಯ. ಬೆಲೆ ಹೆಚ್ಚು, ಗ್ರೀಸ್ ಬೇಕು, ಪುಶ್‌ರಾಡ್ ಚಲನೆಯನ್ನು ಅಳೆಯುವುದೂ ತಪ್ಪದು. ಘಾಟಿ ದಾರಿಗೆ ನನ್ನ ಆಯ್ಕೆ ಇದೇ.

ಇದು ಮತ್ತೆ ಮತ್ತೆ ಸಡಿಲವಾದರೆ ಸ್ಪ್ಯಾನರ್ ಹಿಡಿದು ಬಿಗಿದು ಸುಮ್ಮನಾಗುವುದು ಅಪಾಯಕಾರಿ. ದೋಷ ಅಡ್ಜಸ್ಟರ್‌ನಲ್ಲೇ ಇರಬಹುದು, ಅಥವಾ ಸವೆದ ಕ್ಯಾಮ್ ಬುಷ್‌ನಲ್ಲೋ (ಲೈನಿಂಗನ್ನು ಅಗಲಿಸುವ ದಂಡದ ಆಸರೆ) ಕ್ಲೆವಿಸ್ ಪಿನ್‌ನಲ್ಲೋ (ಪುಶ್‌ರಾಡನ್ನು ಅಡ್ಜಸ್ಟರ್‌ಗೆ ಜೋಡಿಸುವ ಪಿನ್) ಇರಬಹುದು. ಬದಲಿಸುವಾಗ ಒಂದೇ ಆಕ್ಸಲ್‌ನಲ್ಲಿ ಎರಡು ಬಗೆಯನ್ನು ಬೆರೆಸಬೇಡಿ. ಲಾರಿ ಒಂದು ಬದಿಗೆ ಎಳೆಯಬಹುದು.