ಉಪ್ಪಳದ ಕಡಲ ಬದಿಯ ಮನೆಗೆ ಯಾವ ವಿಮೆ?

ಕಾಸರಗೋಡು ಜಿಲ್ಲೆಯ ಉಪ್ಪಳದ ಮನೆಗೆ ವಿಮೆ ಮಾಡಿಸುವಾಗ ಕಟ್ಟಡಕ್ಕೆ ಮಾತ್ರ ಸಾಕಾ, ಒಳಗಿನ ಸಾಮಾನಿಗೂ ಬೇಕಾ ಎಂದು ಕೇಳಿದ್ದೀರಿ. 2021ರಲ್ಲಿ ಬಂದ ‘ಭಾರತ್ ಗೃಹ ರಕ್ಷಾ’ ಎಂಬ ಮನೆ ವಿಮೆಯಲ್ಲಿ ಎರಡೂ ಉಂಟು.

ಕಂತು ಲೆಕ್ಕ ಹಾಕುವುದು ಮನೆ ಮತ್ತೆ ಕಟ್ಟುವ ಖರ್ಚಿನ ಮೇಲೆ. ಜಾಗದ ಬೆಲೆ ಸೇರಿಸಿದರೆ ಸುಮ್ನೆ ದುಡ್ಡು ದಂಡ. ಕಟ್ಟಡಕ್ಕೆ ಮಾತ್ರವಾದರೆ ಕಂತು ಕಡಿಮೆ. ಗಲ್ಫಿನಲ್ಲಿದ್ದು ಇಲ್ಲಿ ಖಾಲಿ ಮನೆಗೆ ಬೀಗ ಹಾಕಿದವರಿಗೆ ಅಷ್ಟು ಸಾಕು. ಬಾಡಿಗೆಯವರು ಸಾಮಾನಿಗೆ ಮಾತ್ರ ಮಾಡಿಸಬಹುದು. ಸಂಸಾರವಿರುವ ಸ್ವಂತ ಮನೆಗೆ ಎರಡೂ ಒಳ್ಳೆಯದು: ಕಟ್ಟಡದ ವಿಮಾ ಮೊತ್ತದ ಶೇ. 20ರಷ್ಟು, ಗರಿಷ್ಠ 10 ಲಕ್ಷ ರೂಪಾಯಿ, ಸಾಮಾನಿಗೆ ತಾನಾಗಿ ಸಿಗುತ್ತದೆ. ಚಿನ್ನಕ್ಕೆ ಬೇರೆಯೇ ಸೇರಿಸಬೇಕು.

ನೆರೆ, ಚಂಡಮಾರುತಕ್ಕೆ ಪರಿಹಾರ ಉಂಟು. ಆದರೆ ಕಡಲ್ಕೊರೆತಕ್ಕೆ ನೆಲ ಕುಸಿದರೆ ಈ ಮೂರು ಬಗೆಯಲ್ಲಿ ಯಾವುದರಲ್ಲೂ ಇಲ್ಲ. ಉಪ್ಪಳದ ಹತ್ತಿರ ಕಡಲ ತೀರದ ಮುಸೋಡಿಯಂಥ ಕಡೆ ಅದೇ ದೊಡ್ಡ ಭಯ, ಅಲ್ವಾ?