ಮುಂದಿನ ನಿಲ್ದಾಣ ಬನಶಂಕರಿ: ನಮ್ಮ ಮೆಟ್ರೊದಲ್ಲಿ ಅಪರ್ಣಾ ಅವರ ದನಿ

ನಮ್ಮ ಮೆಟ್ರೊದ ಬಗ್ಗೆ ಬರೆಯುವವರು ಟಿಕೆಟ್ ದರ, ನೂಕುನುಗ್ಗಲು, ನಿಲ್ದಾಣದಿಂದ ಮನೆ ಸೇರುವ ಪಾಡು ಇವುಗಳನ್ನೇ ಹೆಚ್ಚಾಗಿ ಬರೆಯುತ್ತಾರೆ. ಆ ಸೇವೆಯ ಒಂದೇ ಒಂದು ಅಂಗವನ್ನು, ಬೋಗಿಯೊಳಗೆ ಕೇಳಿಬರುವ ಕನ್ನಡದ ಪ್ರಕಟಣೆಯನ್ನು, ನಾನು ಇಲ್ಲಿ ವಿಮರ್ಶೆಗೆ ಎತ್ತಿಕೊಂಡಿದ್ದೇನೆ. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗೆ ಮೊದಲ ರೈಲು ಓಡಿತು. ಆ ಕಾಲದಿಂದಲೂ ಬೆಂಗಳೂರಿಗರಿಗೆ ಮೆಟ್ರೊ ಎಂದರೆ ಕಿವಿಯಲ್ಲಿ ಮೂಡುವುದು ಅಪರ್ಣಾ ವಸ್ತಾರೆಯವರ ದನಿ. ಈ ನಗರದಲ್ಲಿ ಸಾರ್ವಜನಿಕರಿಗೆ ಸಿಗುವ ಕನ್ನಡದ ಸೇವೆಗಳಲ್ಲಿ ಇಷ್ಟು ಅಚ್ಚುಕಟ್ಟಾದದ್ದು ಮತ್ತೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಅದಕ್ಕೆ ಕಾರಣ ಏನೆಂಬುದು ಹಸಿರು ಮಾರ್ಗದಲ್ಲಿ ಮೆಜೆಸ್ಟಿಕ್‌ನಿಂದ ದಕ್ಷಿಣಕ್ಕೆ ಹೊರಟರೆ ತಿಳಿಯುತ್ತದೆ. ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್, ಸೌತ್ ಎಂಡ್ ವೃತ್ತ, ಜಯನಗರ, ರಾಷ್ಟ್ರೀಯ ವಿದ್ಯಾಲಯ ರಸ್ತೆ, ಬನಶಂಕರಿ. ಈ ಹೆಸರುಗಳಲ್ಲಿ ಕೆಲವು ಅಪ್ಪಟ ಪೇಟೆಯ ಮಾತು, ಕೆಲವು ಒತ್ತಕ್ಷರಗಳಿಂದ ತುಂಬಿದ ಸಂಸ್ಕೃತ, ಕೆಲವು ಇಂಗ್ಲಿಷ್. ಎಲ್ಲವನ್ನೂ ಒಂದೇ ಉಸಿರಿನ ಅಳತೆಯಲ್ಲಿ, ಒಂದಕ್ಷರವೂ ಜಾರದಂತೆ, ಎಲ್ಲಿಯೂ ನಾಟಕೀಯವಾಗದಂತೆ ಹೇಳುವುದು ಸುಲಭದ ಕೆಲಸವಲ್ಲ. ಹಳ್ಳಿಯ ‘ಳ’ ಕಾರ ‘ಲ’ ಆಗುವುದಿಲ್ಲ, ಗಾಂಧಿಯ ಮಹಾಪ್ರಾಣ ಕಳೆದುಹೋಗುವುದಿಲ್ಲ, ಆದರೂ ಯಾರೋ ಪಾಠ ಒಪ್ಪಿಸುತ್ತಿದ್ದಾರೆ ಎಂಬ ಭಾವನೆ ಬರುವುದಿಲ್ಲ. ‘ಮುಂದಿನ ನಿಲ್ದಾಣ’ ಎಂದ ಮೇಲೆ ಅವರು ಕೊಡುವ ಕಿರು ವಿರಾಮವನ್ನು ಗಮನಿಸಬೇಕು. ಮಾತಿನಲ್ಲಿ ಮುಳುಗಿದ್ದವರು, ತೂಕಡಿಸುತ್ತಿದ್ದವರು ಕಿವಿಗೊಡುವಷ್ಟು ಅವಕಾಶ ಮಾಡಿಕೊಟ್ಟು, ಆಮೇಲೆ ಊರಿನ ಹೆಸರು ಬರುತ್ತದೆ. ಹೊಸಬರಿಗೆ ಇಳಿಯುವ ಜಾಗ ತಪ್ಪುವುದಿಲ್ಲ, ಹಳಬರಿಗೆ ಕಿರಿಕಿರಿಯಾಗುವುದಿಲ್ಲ.

ಇದು ಹೇಗೆ ಸಾಧ್ಯವಾಯಿತು ಎಂದರೆ, ಆ ಹೊತ್ತಿಗಾಗಲೇ ಅವರ ದನಿಗೆ ದಶಕಗಳ ಸಾಧಕವಿತ್ತು. ಪುಟ್ಟಣ್ಣ ಕಣಗಾಲರ ‘ಮಸಣದ ಹೂವು’ ಚಿತ್ರದಿಂದ ತೆರೆಗೆ ಬಂದ ಅಪರ್ಣಾ, ಆಮೇಲೆ ಆಕಾಶವಾಣಿ ಮತ್ತು ದೂರದರ್ಶನದ ಚಂದನ ವಾಹಿನಿಯಲ್ಲಿ ನಿರೂಪಕಿಯಾಗಿ ಮನೆಮಾತಾದರು. 1998ರ ದೀಪಾವಳಿಯ ಕಾರ್ಯಕ್ರಮವನ್ನು ಎಂಟು ಗಂಟೆಗಳ ಕಾಲ ಬಿಡುವಿಲ್ಲದೆ ನಿರೂಪಿಸಿದ್ದನ್ನು ಅವರ ಅಭಿಮಾನಿಗಳು ಇಂದಿಗೂ ಹೇಳಿಕೊಳ್ಳುತ್ತಾರೆ. ಸರ್ಕಾರಿ ಸಮಾರಂಭಗಳ ವೇದಿಕೆಯಲ್ಲಿ ಅವರು ನಿಂತರೆಂದರೆ ಕಾರ್ಯಕ್ರಮಕ್ಕೇ ಒಂದು ಗಾಂಭೀರ್ಯ ಬರುತ್ತಿತ್ತು.

ಆದರೆ ಹೊಸ ತಲೆಮಾರು ಅವರನ್ನು ಪ್ರೀತಿಸತೊಡಗಿದ್ದು ವರಲಕ್ಷ್ಮಿಯಾಗಿ. 2015ರಲ್ಲಿ ಕಲರ್ಸ್ ಕನ್ನಡದಲ್ಲಿ ಆರಂಭವಾದ, ಸೃಜನ್ ಲೋಕೇಶ್ ನಡೆಸಿಕೊಡುತ್ತಿದ್ದ ‘ಮಜಾ ಟಾಕೀಸ್’ನಲ್ಲಿ ಅಬ್ಬರದ, ತನ್ನನ್ನು ತಾನೇ ಹೊಗಳಿಕೊಂಡು ತಣಿಯದ ಆ ‘ಒನ್ ಅಂಡ್ ಓನ್ಲಿ’ ವರಲಕ್ಷ್ಮಿಯನ್ನು ಕಂಡು ಹಳೆಯ ವೀಕ್ಷಕರು ಬೆರಗಾದರು. ಚಂದನದ ಆ ಶಾಂತ, ಶುದ್ಧ ದನಿಯ ಹೆಣ್ಣುಮಗಳು ಇವರೇನೆ ಎಂದು ಕೇಳಿದವರು ನಮ್ಮ ಬೀದಿಯಲ್ಲೇ ಹಲವರಿದ್ದರು. ಹಾಸ್ಯಕ್ಕೂ ಉಚ್ಚಾರಣೆಯೇ ಅವರ ಬಂಡವಾಳವಾಗಿತ್ತು. ಎಷ್ಟು ಏರುದನಿಯಲ್ಲಿ ಮಾತಾಡಿದರೂ ಪದ ಮಸುಕಾಗುತ್ತಿರಲಿಲ್ಲ, ಹಾಗಾಗಿ ನಗೆಯೂ ಸರಿಯಾದ ಜಾಗದಲ್ಲೇ ಸಿಡಿಯುತ್ತಿತ್ತು. ಈಚೆಗೆ ಜಯನಗರದ ಬಳಿ ನನ್ನ ಎದುರು ಕುಳಿತಿದ್ದ ಹಿರಿಯರೊಬ್ಬರು ಮೊಮ್ಮಗಳಿಗೆ, ‘ಇದು ನಮ್ಮ ವರಲಕ್ಷ್ಮಿ ದನಿ ಕಣಮ್ಮಾ’ ಎಂದರು. ಆ ಹುಡುಗಿ ನಂಬಲಿಲ್ಲ. ‘ಅವರು ಟೀವೀಲಿ ಕೂಗಾಡ್ತಾರಲ್ಲ ತಾತಾ’ ಎಂದಳು. ‘ಅದು ಪಾತ್ರಕ್ಕೆ, ಇದು ನಮಗೆ’ ಎಂದು ಆ ಹಿರಿಯರು ಹೇಳಿದ ಉತ್ತರಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಬರೆಯಲಾರೆ.

2022ರ ಜುಲೈನಲ್ಲಿ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಇರುವುದು ಗೊತ್ತಾಯಿತು. ಅಷ್ಟರಲ್ಲಿ ರೋಗ ನಾಲ್ಕನೆಯ ಹಂತ ತಲುಪಿತ್ತು. ವೈದ್ಯರು ಇನ್ನು ಆರು ತಿಂಗಳಷ್ಟೇ ಬದುಕು ಎಂದಿದ್ದರು ಎಂದು, ಆಕೆ ಛಲಗಾತಿ ಎಂದು ಪತಿ, ಕವಿ ಹಾಗೂ ವಾಸ್ತುಶಿಲ್ಪಿ ನಾಗರಾಜ ವಸ್ತಾರೆಯವರು ಬಳಿಕ ಹೇಳಿದಾಗಷ್ಟೇ ನಾಡಿಗೆ ಇದೆಲ್ಲ ತಿಳಿದದ್ದು. ಆರು ತಿಂಗಳೆಂದದ್ದನ್ನು ಅವರು ಎರಡು ವರ್ಷವಾಗಿ ಬದುಕಿದರು. 2024ರ ಜುಲೈ 11ರ ರಾತ್ರಿ ಬನಶಂಕರಿಯ ಮನೆಯಲ್ಲಿ ತೀರಿಕೊಂಡರು. ಆ ಎರಡು ವರ್ಷಗಳಲ್ಲಿ ನೇರಳೆ ಮಾರ್ಗವು ಒಂದು ತುದಿಯಲ್ಲಿ ವೈಟ್‌ಫೀಲ್ಡ್, ಇನ್ನೊಂದು ತುದಿಯಲ್ಲಿ ಚಲ್ಲಘಟ್ಟ ಮುಟ್ಟಿತು, ಪ್ರಯಾಣಿಕರು ಇನ್ನೂ ಹೆಚ್ಚಾದರು. ಉಸಿರಿನ ಅಂಗಕ್ಕೇ ರೋಗ ಹಿಡಿದಿದ್ದ ಹೆಣ್ಣುಮಗಳೊಬ್ಬರ ತುಂಬಿದ ಉಸಿರಿನ ಮಾತನ್ನು ಲಕ್ಷಾಂತರ ಜನ ದಿನವೂ ಕೇಳುತ್ತಿದ್ದರು, ನಮಗದು ತಿಳಿದಿರಲಿಲ್ಲ. ಅಭಿಮಾನಿಗಳಿಗೆ ಪತ್ರ ಬರೆಯುವ, ಹರಕೆ ಹೊರುವ, ಹೇಗಿದ್ದೀರಿ ಅಮ್ಮ ಎಂದು ಕೇಳುವ ಅವಕಾಶ ಸಿಗಲಿಲ್ಲ ಎಂಬ ನೋವು ನನಗೂ ಇದೆ. ಆದರೆ ರೋಗವನ್ನು ಸುದ್ದಿಯಾಗಿಸದೆ ಮನೆಯೊಳಗೇ ಇಟ್ಟುಕೊಳ್ಳುವುದು ಅವರ ಹಕ್ಕು. ಆ ಘನತೆಯನ್ನು ನಾನು ಗೌರವಿಸುತ್ತೇನೆ.

ಅವರು ಹೋದ ಮೇಲೆ ಈ ಸೇವೆಯ ಬೆಲೆ ನನ್ನ ಮಟ್ಟಿಗೆ ಹೆಚ್ಚಿದೆ, ಜೊತೆಗೆ ಒಂದು ಆತಂಕವೂ ಸೇರಿಕೊಂಡಿದೆ. ಒಂದು ಗ್ರಾಹಕ ಸೇವೆಯ ಕರೆಯಲ್ಲಿ ಈಚೆಗೆ ಕೇಳಿದ ಕನ್ನಡ ಎಷ್ಟು ಯಾಂತ್ರಿಕವಾಗಿತ್ತೆಂದರೆ, ಪದಗಳನ್ನು ಬೇರೆ ಬೇರೆ ಕಡೆಯಿಂದ ಕತ್ತರಿಸಿ ತಂದು ಪೋಣಿಸಿದಂತಿತ್ತು. ‘ಒಂದನ್ನು ಒತ್ತಿ’ ಎಂಬ ಸಣ್ಣ ವಾಕ್ಯದಲ್ಲೂ ಒತ್ತು ತಪ್ಪಿತ್ತು. ಅಂಥ ಕನ್ನಡ ಅಗ್ಗವಾಗಿ ಸಿಗುತ್ತದೆ, ಆದ್ದರಿಂದಲೇ ಎಲ್ಲ ಕಡೆಯೂ ಹರಡುತ್ತಿದೆ. ನಗರದಲ್ಲಿ ಹೊಸ ಮಾರ್ಗಗಳು ತೆರೆಯುತ್ತಲೇ ಇರುತ್ತವೆ, ಹೊಸ ಹೆಸರುಗಳನ್ನು ಯಾರಾದರೂ ಹೇಳಲೇಬೇಕು. ಹಾಗೆ ಹೇಳುವವರು ಅಪರ್ಣಾ ಅವರನ್ನು ಅನುಕರಿಸಬೇಕಾಗಿಲ್ಲ. ಆದರೆ ಮೈಕಿನ ಮುಂದೆ ಕೂರುವ ಮುನ್ನ ಈ ಹಳೆಯ ಧ್ವನಿಮುದ್ರಣಗಳನ್ನು ಮನಸ್ಸಿಟ್ಟು ಕೇಳಲಿ, ಆ ಊರಿನವರು ತಮ್ಮ ಊರಿನ ಹೆಸರನ್ನು ಹೇಗೆ ಹೇಳುತ್ತಾರೆಂದು ವಿಚಾರಿಸಿಕೊಳ್ಳಲಿ. ಹಳೆಯ ನಿಲ್ದಾಣಗಳ ಮಟ್ಟಿಗೆ ಅವರ ದನಿಯನ್ನು ಬದಲಿಸಲು ಯಾವ ಕಾರಣವೂ ನನಗೆ ಕಾಣದು.

ಕೇಳಲು ಹೋಗುವವರಿಗೆ ಒಂದು ಸಲಹೆ ಇದೆ. ಬೆಳಗಿನ ಒಂಬತ್ತರ ರೈಲಿನಲ್ಲಿ ಮೊಬೈಲುಗಳ ಗದ್ದಲದ ನಡುವೆ ಅರ್ಧ ಮಾತು ಕಿವಿಗೆ ಬೀಳುವುದಿಲ್ಲ. ಭಾನುವಾರ ಬೆಳಿಗ್ಗೆ ಅಥವಾ ವಾರದ ದಿನಗಳಲ್ಲಿ ಮಧ್ಯಾಹ್ನ ಎರಡರ ಸುಮಾರಿಗೆ ಮೆಜೆಸ್ಟಿಕ್‌ನಲ್ಲಿ ಹತ್ತಿ, ಇಯರ್‌ಫೋನ್ ತೆಗೆದಿಟ್ಟು, ಬನಶಂಕರಿಯವರೆಗೆ ಹೋಗಿ. ಕೃಷ್ಣರಾಜೇಂದ್ರ ಮಾರುಕಟ್ಟೆ ಸುರಂಗದೊಳಗಿನ ನಿಲ್ದಾಣ. ನ್ಯಾಷನಲ್ ಕಾಲೇಜಿನ ಹೊತ್ತಿಗೆ ರೈಲು ಮೇಲಕ್ಕೆ ಬಂದಿರುತ್ತದೆ, ಅಲ್ಲಿಂದ ಮುಂದೆ ದನಿ ಇನ್ನಷ್ಟು ಸ್ಪಷ್ಟವಾಗಿ ಕೇಳುತ್ತದೆ.